ತಡೆಹಲಗೆ ಬಿಚ್ಚಿದವನಿಗೆ

ಕೃಷ್ಣರಾಜಪುರ
18 ಜನವರಿ 1998

ಬಸಣ್ಣನಿಗೆ,

ಇದು ನನ್ನ ಎಡಗೈಯ ಬರಹ. ಓದಲು ಕಷ್ಟವಾದರೆ ಕಷ್ಟಪಟ್ಟು ಓದು. ನನಗೆ ಬರೆಯಲು ಅದಕ್ಕಿಂತ ಹೆಚ್ಚು ಕಷ್ಟವಾಗಿದೆ. ಪಕ್ಕದ ಕೋಣೆಯ ಮಾರಕ್ಕ ಕಾಗದ ಜಾರದಂತೆ ಒತ್ತಿ ಹಿಡಿದು ಕೂತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ಆದ್ದರಿಂದ ಮನಸ್ಸಿಗೆ ಬಂದದ್ದನ್ನು ಬರೆಯಬಹುದು.

ನಾನು ಆಸ್ಪತ್ರೆಯಲ್ಲಿದ್ದಾಗ ನೀನು ಬಾಗಿಲವರೆಗೆ ಬಂದು, ನರ್ಸ್ ಕೈಗೆ ಬಾಳೆಹಣ್ಣು ಕೊಟ್ಟು ಹೋದೆಯಂತೆ. ಆಮೇಲೆ ಒಕ್ಕಣೆ ಯಂತ್ರ ಮಾರಲು ಕಾರ್ಖಾನೆಯ ಸಾಹುಕಾರರು ನಿನ್ನನ್ನು ಶಹಾಪುರಕ್ಕೆ ಕಳಿಸಿದರು ಎಂದು ಕೇಳಿದೆ. ಆಗ ಸಿಟ್ಟು ಬರಲಿಲ್ಲ. ಹೊಟ್ಟೆಪಾಡು ಎಂದುಕೊಂಡೆ. ತಂಗಿಯ ಮೊಂಡುಗೈ ನೋಡಲು ಅಣ್ಣನಿಗೆ ಧೈರ್ಯ ಸಾಲದೆ ಹೋಯಿತೇನೋ ಎಂದುಕೊಂಡೆ.

ಮೊನ್ನೆ ಕಾರ್ಮಿಕ ಕಚೇರಿಗೆ ಹೋಗಿದ್ದೆ. ಲಕ್ಷ್ಮಿಕಾಂತ ಎಂಬ ಅಧಿಕಾರಿ ನನ್ನ ದೂರನ್ನು ಬರೆದುಕೊಂಡು, ಕಾರ್ಖಾನೆಯಿಂದ ಬಂದ ಹೇಳಿಕೆಯನ್ನು ಓದಿ ಹೇಳಿದರು. ಸಾಬಮ್ಮ ಎಚ್ಚರಿಕೆಯಿಲ್ಲದೆ ನಿಂತಿದ್ದಳು, ಅವಳ ಸೆರಗು ಒಕ್ಕಣೆ ಯಂತ್ರಕ್ಕೆ ಸಿಕ್ಕಿತು, ಸೆರಗಿನ ಹಿಂದೆ ಕೈ ಹೋಯಿತು. ಕೆಳಗೆ ಫೋರ್‌ಮನ್ ಬಸಣ್ಣನ ಸಹಿ.

ಅವತ್ತು ನಾನು ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ನಿನ್ನ ಹಳೆಯ ಖಾಕಿ ಅಂಗಿ ತೊಟ್ಟಿದ್ದೆ. ಅದರ ಮೇಲಿನ ಗುಂಡಿಯನ್ನು ನೀನೇ ಹಾಕಿದೆ.

ಯಾಕೆ ಸಹಿ ಮಾಡಿದೆ? ಅಷ್ಟಕ್ಕೇ ಉತ್ತರ ಬರೆ. ಬೇರೆ ಯಾವುದೂ ಬೇಡ.

ಸಾಬಮ್ಮ

---

ಶಹಾಪುರ
2 ಫೆಬ್ರವರಿ 1998

ತಂಗಿ ಸಾಬಮ್ಮಳಿಗೆ ಅಣ್ಣನ ಆಶೀರ್ವಾದಗಳು.

ಪತ್ರ ತಲುಪಿತು. ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ನಾನಿಲ್ಲಿ ಏಜೆಂಟರ ಗೋದಾಮಿನಲ್ಲಿದ್ದೇನೆ. ತೊಗರಿ ರಾಶಿಯ ಕಾಲ, ದಿನವೂ ಒಂದೊಂದು ಊರಿಗೆ ಯಂತ್ರ ಒಯ್ದು ನಡೆಸಿ ತೋರಿಸಬೇಕು. ಊಟಕ್ಕೆ ತೊಂದರೆಯಿಲ್ಲ. ಅತ್ತೆಯ ಮಗಳು ಸಿಕ್ಕಿದ್ದಳು, ನಿನ್ನನ್ನು ಕೇಳಿದಳು.

ಸಹಿಯ ಬಗ್ಗೆ ಮನಸ್ಸು ಕೆಡಿಸಿಕೊಳ್ಳಬೇಡ. ಅದು ಕಚೇರಿಗೆ ಕೊಡಲೇಬೇಕಾದ ಕಾಗದ, ಎಲ್ಲ ಕಡೆಯೂ ಹಾಗೆಯೇ ಬರೆಯುತ್ತಾರೆ. ಸಾಹುಕಾರರು ಕೆಟ್ಟವರಲ್ಲ. ನಿನಗೆ ಕಾರ್ಖಾನೆಯಲ್ಲಿಯೇ ಕೂತು ಮಾಡುವ ಕೆಲಸ ಕೊಡುತ್ತಾರೆ. ಅವರ ಮೇಲೆ ದೂರು ಹಾಕಿ ನಾವು ಬೆಂಗಳೂರಿನಲ್ಲಿ ಬಾಳುವುದು ಹೇಗೆ? ಸ್ವಲ್ಪ ಯೋಚಿಸು.

ಗಾಯಕ್ಕೆ ಔಷಧಿ ತಪ್ಪಿಸಬೇಡ. ಮಾರಕ್ಕನಿಗೆ ಕೇಳಿದೆನೆಂದು ಹೇಳು.

ನಿನ್ನ ಅಣ್ಣ
ಬಸಣ್ಣ

---

ಕೃಷ್ಣರಾಜಪುರ
11 ಫೆಬ್ರವರಿ 1998

ಬಸಣ್ಣನಿಗೆ,

ನಿನ್ನ ಪತ್ರದಲ್ಲಿ ತೊಗರಿ ಇದೆ, ಅತ್ತೆಯ ಮಗಳಿದ್ದಾಳೆ, ಮಾರಕ್ಕ ಇದ್ದಾಳೆ. ತಡೆಹಲಗೆ ಇಲ್ಲ. ನೀನು ಮರೆತಿರಲಾರೆ. ಆದರೂ ನೆನಪು ಮಾಡುತ್ತೇನೆ, ಸುಮ್ಮನೆ ಕೂತು ಓದು.

ಕಳೆದ ಬೇಸಿಗೆಯಲ್ಲಿ ಸಾಹುಕಾರರು ಉಕ್ಕಿನ ಸರಳು ತರಲು ನಿನ್ನನ್ನು ಶಿವಾಜಿನಗರಕ್ಕೆ ಕಳಿಸಿದಾಗ ನಾನೂ ಜೊತೆಗೆ ಬಂದಿದ್ದೆ. ಅಹ್ಮದ್ ಪಾಷಾ ಅವರ ಗುಜರಿ ಅಂಗಳದ ಮೂಲೆಯಲ್ಲಿ ಆ ಹಬೆ ಎಂಜಿನ್ ನಿಂತಿತ್ತು. ನನಗೆ ಮೊದಲು ಅದು ಬಂಡಿಯ ಗಾಲಿ ಹಚ್ಚಿದ ರೈಲು ಎನಿಸಿತು. ಕುಕ್ ಟೌನಿನ ಹಳೆಯ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಹಿತ್ತಲಿನ ಶೆಡ್ಡಿನಲ್ಲಿ ಸಿಕ್ಕಿದ್ದು ಎಂದು ಪಾಷಾ ಹೇಳಿದರು. ಅದರ ಹಿಂದೆ ಮರದ ಮನೆಯಷ್ಟು ದೊಡ್ಡ ಒಕ್ಕಣೆ ಯಂತ್ರ. ಎಂಜಿನ್ನಿನ ಗಾಲಿಗೆ ಪಟ್ಟಿ ಹಾಕಿ ಇದನ್ನು ತಿರುಗಿಸುತ್ತಿದ್ದರಂತೆ. ಹಿತ್ತಾಳೆಯ ತಗಡಿನ ಮೇಲೆ 1909 ಎಂದಿತ್ತು.

ನೀನು ಸರಳನ್ನು ಮರೆತೆ. ಎಂಜಿನ್ನಿನ ಕೆಳಗೆ ನುಸುಳಿ, ಹಿಂದಿನ ಅಚ್ಚಿನಲ್ಲಿದ್ದ ಉಕ್ಕಿನ ಹಗ್ಗದ ಗಾಲಿ ತೋರಿಸಿದೆ. ಕೆಸರಿನಲ್ಲಿ ಹೂತರೆ ಹಗ್ಗವನ್ನು ಮರಕ್ಕೆ ಕಟ್ಟಿ, ಎಂಜಿನ್ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ ಎಂದೆ. ಬೆಂಕಿಯ ಗೂಡಿನ ನೆತ್ತಿಯಲ್ಲಿ ಸೀಸದ ಬಿರಡೆ ತೋರಿಸಿದೆ. ನೀರು ಕಡಿಮೆಯಾದರೆ ಸೀಸ ಕರಗಿ, ಹಬೆ ನುಗ್ಗಿ, ಬೆಂಕಿ ಆರಿ, ನಡೆಸುವವನ ಜೀವ ಉಳಿಯುತ್ತದೆ. ಆಮೇಲೆ ಒಕ್ಕಣೆ ಯಂತ್ರದ ಮೇಲೆ ಹತ್ತಿ ಕೂಗಿದೆ.

"ಸಾಬವ್ವ, ಇಲ್ಲಿ ಬಾ. ಇದನ್ನ ನೋಡು."

ತೆನೆಯ ಸೂಡು ಹಾಕುವ ಬಾಯಿಯ ಎದುರಿಗೆ ಒಂದು ಹಲಗೆ, ಕೆಳಗೆ ಕೀಲು, ಪಕ್ಕಕ್ಕೆ ಸ್ಪ್ರಿಂಗು. ತೆನೆಯನ್ನು ಅದರ ಮೇಲಿನಿಂದ ಒಳಕ್ಕೆ ತಳ್ಳಬೇಕು. ತಳ್ಳುವವರು ಆಯ ತಪ್ಪಿ ಮುಂದಕ್ಕೆ ವಾಲಿದರೆ ಮೈಭಾರಕ್ಕೆ ಹಲಗೆ ಮಗುಚಿ ಯಂತ್ರದ ಬಾಯನ್ನು ಮುಚ್ಚುತ್ತದೆ. ನೀನು ಎದೆಯಿಂದ ಒರಗಿ ತೋರಿಸಿದೆ. ಅಷ್ಟು ವರ್ಷದ ತುಕ್ಕಿನಲ್ಲಿಯೂ ಅದು ಠಪ್ಪೆಂದು ಬಿತ್ತು.

"ಯಾವನೋ ಪುಣ್ಯಾತ್ಮ, ಬೀಳೋರನ್ನ ನೆನಸಿಕೊಂಡು ಮಾಡ್ಯಾನ" ಎಂದೆ. "ನಮ್ಮ ಮಷೀನಿಗೂ ಇಂಥದೊಂದು ಮಾಡ್ತೀನಿ. ನಿಂತು ಸೂಡು ಹಾಕಾಕಿ ನೀನಲ್ಲೇನು?"

ಮಾಡಿದೆ. ಅವತ್ತು ನಿನ್ನ ಬಗ್ಗೆ ಎಷ್ಟು ಹೆಮ್ಮೆಪಟ್ಟೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಹೊಟ್ಟು ತುಂಬಿದ ಗೋಣಿಚೀಲವನ್ನು ಯಂತ್ರದ ಬಾಯಿಗೆ ಎಸೆದು ಎಸೆದು ನೋಡಿದೆವು. ಒಂದು ಸಲವೂ ಹಲಗೆ ಚೀಲವನ್ನು ಒಳಗೆ ಬಿಡಲಿಲ್ಲ.

ಆಮೇಲೆ ನವೆಂಬರಿನಲ್ಲಿ ಕೋಲಾರದ ಕಡೆಯ ವ್ಯಾಪಾರಿಗಳು ಯಂತ್ರ ನೋಡಲು ಬರುವ ಹಿಂದಿನ ದಿನ ಸಾಹುಕಾರ ಶಿವಶಂಕರಪ್ಪನವರು ಬಂದು ನಿಂತರು. ನಾನು ಅಲ್ಲಿಯೇ ಕಸ ಗುಡಿಸುತ್ತಿದ್ದೆ.

"ಬಸಣ್ಣ, ಇದು ಪದೇ ಪದೇ ಬೀಳ್ತಾ ಇದ್ರೆ ಫೀಡಿಂಗ್ ಸ್ಲೋ ಆಗತ್ತೆ. ಪಾರ್ಟಿಗಳು ನಗ್ತಾರೆ. ಬಿಚ್ಹಾಕು."

"ಆಗಲಿ ಸಾರ್."

ನೀನಂದದ್ದು ಅಷ್ಟೇ. ಯಾರೋ ಗೊತ್ತಿಲ್ಲದ ಮನುಷ್ಯ, ಗೊತ್ತಿಲ್ಲದ ದೇಶದಲ್ಲಿ, ತೊಂಬತ್ತು ವರ್ಷದ ಹಿಂದೆ ನನ್ನ ಕೈಯ ಬಗ್ಗೆ ಯೋಚಿಸಿದ. ನನ್ನ ಒಡಹುಟ್ಟಿದವನು ಯೋಚಿಸಲಿಲ್ಲ. ಮರುದಿನ ಒಂದು ಸೂಡು ಗಂಟು ಬಿದ್ದು ಎಳೆಯಿತು, ನಾನು ಬಿಡುವಷ್ಟರಲ್ಲಿ ಆಗಿಹೋಯಿತು.

ಗಂಡನ ಮನೆ ಬಿಟ್ಟು ಬಂದಾಗ, ನನ್ನ ಜೊತೆ ಬಾ, ನಾನಿದ್ದೀನಿ ಎಂದವನು ನೀನು. ಇನ್ನೊಂದು ಸಲ ಪತ್ರದಲ್ಲಿ ಊಟದ ಸುದ್ದಿ ಬರೆಯಬೇಡ.

ಸಾಬಮ್ಮ

---

ಜೀವನ್ ಬಿಮಾ ನಗರ
27 ಫೆಬ್ರವರಿ 1998

ಶ್ರೀಮತಿ ಸಾಬಮ್ಮ ಅವರಿಗೆ,

ನಿಮ್ಮ ಆರೋಗ್ಯ ಸುಧಾರಿಸುತ್ತಿದೆ ಎಂದು ತಿಳಿದು ಸಂತೋಷವಾಯಿತು. ನಮ್ಮ ಕಾರ್ಖಾನೆಯನ್ನು ನಾನು ಯಾವತ್ತೂ ಒಂದು ಕುಟುಂಬವೆಂದೇ ನಡೆಸಿಕೊಂಡು ಬಂದಿದ್ದೇನೆ. ಆಸ್ಪತ್ರೆಯ ಖರ್ಚನ್ನು ನಾವೇ ನೋಡಿಕೊಂಡದ್ದು ನಿಮಗೆ ಗೊತ್ತಿದೆ.

ನೀವು ಕಾರ್ಮಿಕ ಕಚೇರಿಯಲ್ಲಿ ಯಾವುದೋ ಹಲಗೆಯ ಬಗ್ಗೆ ಹೇಳಿದ್ದೀರಿ ಎಂದು ಕೇಳಿ ಆಶ್ಚರ್ಯವಾಯಿತು. ನಮ್ಮ ಮಾದರಿಯ ಯಂತ್ರಕ್ಕೆ ಅಂಥದ್ದನ್ನು ಜೋಡಿಸುವುದು ತಾಂತ್ರಿಕವಾಗಿ ಸಾಧ್ಯವಿಲ್ಲ. ಜೋಡಿಸಿರಲೂ ಇಲ್ಲ. ನೋವಿನಲ್ಲಿರುವಾಗ ಮನಸ್ಸು ಏನೇನನ್ನೋ ಕಲ್ಪಿಸಿಕೊಳ್ಳುತ್ತದೆ, ಅದಕ್ಕೆ ನಾನು ನಿಮ್ಮನ್ನು ದೂರುವುದಿಲ್ಲ.

ದೂರನ್ನು ಹಿಂದಕ್ಕೆ ತೆಗೆದುಕೊಂಡರೆ ಗೇಟಿನ ಬಳಿ ಕೂತು ಮಾಡುವ ಕೆಲಸ ನಿಮಗಾಗಿ ಕಾದಿರುತ್ತದೆ. ನಿಮ್ಮ ಅಣ್ಣನ ಭವಿಷ್ಯವನ್ನೂ ನೆನಪಿನಲ್ಲಿ ಇಟ್ಟುಕೊಳ್ಳಿ.

ನಿಮ್ಮ ಹಿತೈಷಿ
ಶಿವಶಂಕರಪ್ಪ

---

ಕೃಷ್ಣರಾಜಪುರ
16 ಮಾರ್ಚ್ 1998

ಬಸಣ್ಣನಿಗೆ,

ನಿನ್ನಿಂದ ಪತ್ರವಿಲ್ಲ. ನನಗೂ ಅದರ ಮೇಲೆ ಆಸೆಯಿರಲಿಲ್ಲ. ಆದರೆ ಇಲ್ಲಿ ನಡೆದದ್ದು ನಿನಗೆ ಗೊತ್ತಾಗಬೇಕು.

ಸಾಹುಕಾರರ ಪತ್ರವನ್ನು ಲಕ್ಷ್ಮಿಕಾಂತ ಅವರಿಗೆ ತೋರಿಸಿದೆ. "ಅಂಥ ಹಲಗೆ ಇರತ್ತೆ ಅಂತ ತೋರಿಸೋಕಾಗತ್ತಾ ನಿಮಗೆ?" ಎಂದು ಕೇಳಿದರು. ಶಿವಾಜಿನಗರದಲ್ಲಿದೆ, ಬನ್ನಿ ಸಾರ್ ಎಂದೆ. ಅವರಿಗೆ ಬಿಡುವಾಗುವುದಕ್ಕೆ ಒಂದು ವಾರ ಹಿಡಿಯಿತು. ಬಿಡುವಾದ ದಿನ ಅವರ ಸ್ಕೂಟರಿನ ಹಿಂದೆ ಕೂತು ಹೋದೆ. ಒಂದೇ ಕೈಯಲ್ಲಿ ಹಿಡಿದು ಕೂರುವುದನ್ನು ಹಲಸೂರು ಕೆರೆ ದಾಟುವಷ್ಟರಲ್ಲಿ ಕಲಿತೆ.

ಅಂಗಳದಲ್ಲಿ ಹಬೆ ಎಂಜಿನ್ ಇತ್ತು. ಹಿಂದಿನ ಮರದ ಯಂತ್ರವಿರಲಿಲ್ಲ. ನೆಲದ ಮೇಲೆ ಮರದ ಸೀಳು, ಗ್ಯಾಸ್ ಕಟ್ಟರಿನಲ್ಲಿ ತುಂಡು ಮಾಡಿದ ಉರುಳೆ. ಪಾಷಾ ಕುರ್ಚಿಯಿಂದ ಎದ್ದು ನಿಂತರು.

"ಅಮ್ಮಾ, ನಿಮ್ ಸಾಬ್ ಬಂದ್ಬಿಟ್ಟು ಖರೀದಿ ಮಾಡಿದ್ರು. ಇಲ್ಲೇ ಕಟ್ ಮಾಡಿ ಕೊಡಿ ಅಂದ್ರು. ನನ್ಗೆ ಏನ್ ಗೊತ್ತು? ನಾನು ಗುಜ್ರಿ ಯಾಪಾರಿ, ಕಟ್ ಮಾಡೋದೇ ನಮ್ ಕಾಮ್."

ಆಮೇಲೆ ನನ್ನ ತೋಳನ್ನು ನೋಡಿದರು. "ಆ ಹಲಗೆ ಮಾತ್ರ ಸಾಬ್ ಕಾರ್ ಡಿಕ್ಕಿನಲ್ಲಿ ಹಾಕ್ಕೊಂಡು ಹೋದ್ರು" ಎಂದರು.

ಹಲಗೆಯನ್ನು ಎಲ್ಲಿ ನೋಡಿ ಮಾಡಿದೆ ಎಂದು ಸಾಹುಕಾರರಿಗೆ ನೀನೇ ಹೇಳಿದ್ದೆ. ನಾನು ಅಲ್ಲಿಯೇ ನಿಂತು ಬೈದೆ. ಸಾಹುಕಾರರನ್ನು ಬೈದೆ, ನಿನ್ನನ್ನು ಬೈದೆ, ಪಾಷಾರನ್ನೂ ಬೈದೆ. ಅವರು ಟೀ ತರಿಸಿಕೊಟ್ಟರು. ಕುಡಿಯಲಿಲ್ಲ. ಅಧಿಕಾರಿ ಪಾಷಾರ ಮಾತನ್ನು ಬರೆದುಕೊಂಡರು. ಆದರೆ ಹಳೆಯ ಯಂತ್ರಕ್ಕೆ ಹಲಗೆ ಇತ್ತು ಎಂದರೆ ನಮ್ಮ ಯಂತ್ರಕ್ಕೂ ಇತ್ತು ಎಂದಾಗುವುದಿಲ್ಲವಂತೆ. ಅದನ್ನು ಕಂಡವರು ಹೇಳಬೇಕು. ಕಾರ್ಖಾನೆಯ ಬೇರೆ ಯಾರೂ ಬಾಯಿ ಬಿಡುವುದಿಲ್ಲ. ಉಳಿದವರು ಇಬ್ಬರೇ, ನಾನು ಮತ್ತು ನೀನು. ನನ್ನ ಮಾತು ದೂರುದಾರಳ ಮಾತು.

ಏಪ್ರಿಲ್ 20ಕ್ಕೆ ವಿಚಾರಣೆ. ಬಾ ಎಂದು ಬೇಡುವುದಿಲ್ಲ. ದಿನ ಯಾವುದೆಂದು ತಿಳಿಸಿದ್ದೇನೆ.

ಸಾಬಮ್ಮ

---

ಶಹಾಪುರ
30 ಮಾರ್ಚ್ 1998

ಸಾಬಮ್ಮ,

ನೀನೊಬ್ಬಳೇ ಸಿಟ್ಟು ಮಾಡಬಲ್ಲೆ ಎಂದುಕೊಂಡಿದ್ದೀಯಾ? ಪತ್ರದ ಮೇಲೆ ಪತ್ರ ಬರೆದು ಕೊಲ್ಲುತ್ತಿದ್ದೀ. ಏಜೆಂಟರ ಅಂಗಡಿಯಲ್ಲಿ ಎಲ್ಲರ ಎದುರು ಪೋಸ್ಟ್‌ಮ್ಯಾನ್ ನಿನ್ನ ಲಕೋಟೆ ಕೊಡುತ್ತಾನೆ. ಸೊಟ್ಟ ಅಕ್ಷರದ ವಿಳಾಸ ನೋಡಿ, ಯಾರದು ಎಂದು ಕೇಳುತ್ತಾರೆ. ಏನು ಹೇಳಲಿ?

ಆ ಹಲಗೆಯ ಬಗ್ಗೆ ದಿನವೂ ಗೊಣಗುತ್ತಿದ್ದವಳು ಯಾರು? ಬೆರಳ ಮ್ಯಾಲೆ ಬೀಳ್ತದ, ಕೆಲಸ ಸಾಗವಲ್ದು, ಬ್ಯಾಸರಾಗೈತಿ ಅಂದವಳು ನೀನಲ್ಲವೇ? ಸಾಹುಕಾರರು ಬಿಚ್ಚು ಎಂದಾಗ ನೀನೂ ಅಲ್ಲಿಯೇ ಇದ್ದೆ. ನೀನೂ ಬಾಯಿ ಬಿಡಲಿಲ್ಲ. ಮರುದಿನ ಹಲಗೆಯಿಲ್ಲದ ಯಂತ್ರದ ಮುಂದೆ ನಿನ್ನ ಕಾಲಿನಿಂದ ನೀನೇ ಹೋಗಿ ನಿಂತೆ. ನಿಲ್ಲುವುದಿಲ್ಲ ಎನ್ನಬಹುದಿತ್ತು. ಎಲ್ಲವನ್ನೂ ನನ್ನ ತಲೆಯ ಮೇಲೆ ಹೊರಿಸಿದರೆ ನಿನ್ನ ಕೈ ಬರುತ್ತದೆಯೇ?

ಬಂದು ಸಾಕ್ಷಿ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಸುಳ್ಳು ಸಹಿ ಮಾಡಿದೆ ಎಂದು ನನ್ನ ಮೇಲೆಯೇ ಕೇಸು ಬೀಳುತ್ತದೆ. ಆಗ ನಿನಗೆ ಸಮಾಧಾನವೋ?

ಬಸಣ್ಣ

---

ಕೃಷ್ಣರಾಜಪುರ
6 ಏಪ್ರಿಲ್ 1998

ಬಸಣ್ಣನಿಗೆ,

ಕಡೆಗೂ ಹಲಗೆಯ ಹೆಸರು ಬರೆದೆ.

ಹೌದು, ಗೊಣಗಿದ್ದೆ. ಸ್ಪ್ರಿಂಗ್ ಬಿಗಿ ಮಾಡು ಎಂದು ಗೊಣಗಿದ್ದೆ. ಚಪ್ಪಲಿ ಕಚ್ಚುತ್ತದೆ ಎಂದವಳ ಚಪ್ಪಲಿ ಸರಿಮಾಡುತ್ತಾರೆ, ಮುಳ್ಳಿನ ಮೇಲೆ ನಡೆಸುವುದಿಲ್ಲ.

ಹೌದು, ನಾನೂ ಬಾಯಿ ಬಿಡಲಿಲ್ಲ. ಕಸ ಗುಡಿಸುವವಳು ಸಾಹುಕಾರರ ಮಾತಿಗೆ ಅಡ್ಡ ಹೇಳುವುದು ಹೇಗೆ? ಅವಳ ಅಣ್ಣನೇ ಫೋರ್‌ಮನ್ ಆಗಿ ಎದುರಿಗಿದ್ದ. ಅವನು ಹೇಳುತ್ತಾನೆ ಎಂದು ಕಾದೆ. ಮರುದಿನ ಹೋಗಿ ನಿಂತದ್ದು ಯಾಕೆ ಎಂದು ಕೇಳಿದ್ದೀ. "ಏನಾಗಂಗಿಲ್ಲ ನಿಲ್ಲು, ನಾ ಸ್ವಿಚ್ಚಿನ ಹತ್ರಾನೇ ಇರ್ತೀನಿ" ಎಂದೆಯಲ್ಲ, ಅದಕ್ಕೆ.

ನೀನು ಸ್ವಿಚ್ಚಿನ ಹತ್ತಿರವಿರಲಿಲ್ಲ. ಕೋಲಾರದವರಿಗೆ ಕಾಫಿ ಹಿಡಿದುಕೊಂಡು ನಿಂತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ಅಧಿಕಾರಿಗೂ ಹೇಳಿಲ್ಲ.

ನಿನ್ನ ಕೆಲಸ ಹೋಗುತ್ತದೆ, ನಿಜ. ನನ್ನದು ಹೋಗಿ ಆಯಿತು. ಈಗ ಮಾರಕ್ಕನ ಜೊತೆ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದೇನೆ. ಕೊತ್ತಂಬರಿ ಕಟ್ಟನ್ನು ಒಂದು ಕೈಯಲ್ಲಿ ಹಿಡಿದು ಬಾಳೆನಾರನ್ನು ಹಲ್ಲಿನಿಂದ ಬಿಗಿಯುತ್ತೇನೆ. ಎಂಜಲಾಯಿತು ಎಂದು ಕೆಲವರು ಬೇರೆ ಕಟ್ಟು ಕೇಳುತ್ತಾರೆ.

ಸಾಬಮ್ಮ

---

ಕೃಷ್ಣರಾಜಪುರ
24 ಏಪ್ರಿಲ್ 1998

ಬಸಣ್ಣನಿಗೆ,

ನೀನು ಬಂದೆ. ನನ್ನ ಜೊತೆ ಮಾತಾಡದೆ ಹೋದೆ. ಅವತ್ತು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಕಚೇರಿಯ ಬಾಗಿಲಲ್ಲಿ ನಿನ್ನನ್ನು ಕಂಡಾಗ ಸಾಹುಕಾರರ ಕಡೆಯ ಸಾಕ್ಷಿಯಾಗಿ ಬಂದಿದ್ದೀ ಎಂದುಕೊಂಡೆ. ಅವರೂ ಹಾಗೆಯೇ ತಿಳಿದಿರಬೇಕು, ಪಕ್ಕದಲ್ಲಿ ಜಾಗ ಬಿಟ್ಟರು. ನೀನು ಕೂರಲಿಲ್ಲ.

"ಹಲಗೆ ಇತ್ತು ಸಾರ್. ನಾನೇ ಮಾಡಿದ್ದೆ, ನಾನೇ ಬಿಚ್ಚಿದೆ."

"ನೀವಾಗಿ ಬಿಚ್ಚಿದ್ರಾ?" ಎಂದು ಲಕ್ಷ್ಮಿಕಾಂತ ಕೇಳಿದರು.

"ಬಿಚ್ಚು ಅಂದವರು ಅವರು. ಬಿಚ್ಚಿದವನು ನಾನು. ಎರಡೂ ಬರಕೋರಿ."

"ಮತ್ತೆ ಸೆರಗು ಸಿಕ್ತು ಅಂತ ಸಹಿ ಮಾಡಿದ್ದೀರಲ್ಲ?"

"ಸುಳ್ಳು ಸಾರ್. ಆಕಿ ನನ್ನ ಅಂಗಿ ಹಾಕ್ಕೊಂಡಿದ್ದಳು."

ಸಾಹುಕಾರರ ವಕೀಲರು ನಕ್ಕರು. ಈ ಯಂತ್ರಕ್ಕೆ ಅಂಥ ಹಲಗೆ ಕೂರುವುದೇ ಇಲ್ಲ, ಅಣ್ಣ ತಂಗಿ ಕೂಡಿ ಕಥೆ ಕಟ್ಟಿದ್ದಾರೆ ಎಂದರು. ಆಗ ಅಧಿಕಾರಿ ಎಲ್ಲರನ್ನೂ ಕಾರ್ಖಾನೆಗೇ ಕರೆದುಕೊಂಡು ಬಂದು, ಮಾಡಿ ತೋರಿಸು ಎಂದರು.

ನೀನು ಗುಜರಿ ರಾಶಿಯಿಂದ ತಗಡು ಎಳೆದೆ. ಕೀಲು ಕತ್ತರಿಸಿದೆ, ಬೆಸುಗೆ ಹಾಕಿದೆ. ಮೊದಲೆಲ್ಲ ನೀನು ಕೈ ಚಾಚಿದರೆ ಯಾವ ಸ್ಪ್ಯಾನರ್ ಬೇಕು ಎಂದು ಕೇಳದೆ ಕೊಡುತ್ತಿದ್ದವಳು ನಾನು. ಅವತ್ತೂ ನೀನು ಅಭ್ಯಾಸದಿಂದ ಹಿಂದಕ್ಕೆ ಕೈ ಚಾಚಿದೆ. ಸ್ಪ್ಯಾನರ್ ನನ್ನ ಕಾಲ ಬಳಿಯೇ ಬಿದ್ದಿತ್ತು. ನಾನು ಕೊಡಲಿಲ್ಲ. ನೀನು ತಿರುಗಿ ನೋಡಿ, ಬಗ್ಗಿ, ನೀನೇ ತೆಗೆದುಕೊಂಡೆ.

ಹಲಗೆ ಕೂತಿತು. ಅಧಿಕಾರಿ ಒಂದು ಮರದ ಕೊರಡನ್ನು ಅದರ ಮೇಲೆ ಬೀಳಿಸಿದರು. ಮುಚ್ಚಿಕೊಂಡಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಇಷ್ಟು ಸಣ್ಣ ಕೆಲಸ. ಮಧ್ಯಾಹ್ನದ ಊಟದಿಂದ ಸಂಜೆಯ ಟೀ ಒಳಗೆ ಮುಗಿಯುವ ಕೆಲಸ. ಅದನ್ನು ನೋಡಿ ನನಗೆ ಸಂತೋಷವಾಗಲಿಲ್ಲ ಬಸಣ್ಣ. ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಅದಕ್ಕೇ ನೀನು ಹತ್ತಿರ ಬಂದಾಗ ಮುಖ ತಿರುಗಿಸಿದೆ.

ನಿನ್ನ ಕೆಲಸ ಅಲ್ಲಿಯೇ ಹೋಯಿತು ಎಂದು ಆಮೇಲೆ ಗೊತ್ತಾಯಿತು.

ಸಾಬಮ್ಮ

---

ಜೀವನ್ ಬಿಮಾ ನಗರ
9 ಮೇ 1998

ಶ್ರೀಮತಿ ಸಾಬಮ್ಮ ಅವರಿಗೆ,

ಆದೇಶ ಬರುವ ಮೊದಲು ನಮ್ಮೊಳಗೇ ಒಂದು ತೀರ್ಮಾನಕ್ಕೆ ಬರುವುದು ಒಳ್ಳೆಯದೆಂದು ಈ ಪತ್ರ.

ನಾವು ಈಗಾಗಲೇ ಮಾರಿರುವ ಎಲ್ಲ ಯಂತ್ರಗಳಿಗೂ ತಡೆಹಲಗೆ ಹಾಕಿಸಬೇಕೆಂದು ನೀವು ಅಧಿಕಾರಿಗಳನ್ನು ಕೇಳಿದ್ದೀರಿ. ಅದಕ್ಕೆ ನಾನು ಸಿದ್ಧ. ಪ್ರತಿಯೊಂದು ಊರಿಗೂ ಜನ ಕಳಿಸುತ್ತೇನೆ. ನಿಮ್ಮ ಪರಿಹಾರಕ್ಕೂ ಅಡ್ಡಿ ಮಾಡುವುದಿಲ್ಲ. ಪ್ರತಿಯಾಗಿ ನೀವು ಒಂದು ಸತ್ಯವನ್ನು ಹೇಳಬೇಕು: ಹಲಗೆಯನ್ನು ನಿಮ್ಮ ಅಣ್ಣ ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ಬಿಚ್ಚಿದ. ನಾನು ಹೇಳಿದ್ದನ್ನು ನೀವು ಕೇಳಿಲ್ಲ.

ಅವನ ಮೇಲೆ ನಿಮಗೆಷ್ಟು ಸಿಟ್ಟಿದೆ ಎಂದು ಅವತ್ತು ಕಣ್ಣಾರೆ ಕಂಡೆ. ಅದು ನ್ಯಾಯವಾದ ಸಿಟ್ಟು. ಅವನನ್ನು ಉಳಿಸಲು ಹೋಗಿ ನೂರಾರು ಹೆಣ್ಣುಮಕ್ಕಳ ಕೈಗೆ ಅಪಾಯ ತರಬೇಡಿ.

ಶಿವಶಂಕರಪ್ಪ

---

ಕೃಷ್ಣರಾಜಪುರ
12 ಮೇ 1998

ಸಾಹುಕಾರರಾದ ಶಿವಶಂಕರಪ್ಪನವರಿಗೆ,

ನಿಮ್ಮ ಪತ್ರ ಓದಿ ಎರಡು ದಿನ ಸಂತೆಗೆ ಹೋಗಲಿಲ್ಲ. ನಾನು ಕೇಳಿದ್ದನ್ನೇ ಕೊಡುತ್ತೇನೆ ಎಂದಿದ್ದೀರಿ. ಇದಕ್ಕಿಂತ ದೊಡ್ಡ ಆಸೆ ನನಗಿಲ್ಲ ಎಂದು ನಿಮಗೆ ಗೊತ್ತಿದೆ.

ಆ ಹೆಣ್ಣುಮಕ್ಕಳ ಕೈಗೆ ಅಪಾಯ ತಂದವಳು ನಾನಲ್ಲ. ಹಲಗೆಗೆ ತಗಡು ನಿಮ್ಮ ಹಿತ್ತಲಿನಲ್ಲಿ ಬಿದ್ದಿದೆ. ಹಾಕಿಸಬೇಕೆಂದು ನಿಮಗೆ ಅನಿಸಿದರೆ ಇವತ್ತೇ ಹಾಕಿಸಬಹುದು. ಅದಕ್ಕೆ ನನ್ನ ಸುಳ್ಳು ಯಾಕೆ ಬೇಕು?

ನನ್ನ ಅಣ್ಣನ ಮೇಲೆ ನನಗೆ ಸಿಟ್ಟಿದೆ. ನಿಮಗೆ ಕಂಡದ್ದಕ್ಕಿಂತ ಹೆಚ್ಚಿದೆ. ಸಾಯುವ ತನಕ ಇರಬಹುದು. ಆದರೆ ಆ ಸಿಟ್ಟು ನನ್ನದು. ಅದನ್ನು ನಿಮಗೆ ಬಾಡಿಗೆಗೆ ಕೊಡುವುದಿಲ್ಲ.

ಬಿಚ್ಹಾಕು ಎಂದು ನೀವು ಹೇಳಿದಿರಿ. ನಾನು ಕೇಳಿದೆ. ಎಲ್ಲಿ ಕೇಳಿದರೂ ಅದನ್ನೇ ಹೇಳುತ್ತೇನೆ.

ಸಾಬಮ್ಮ

---

ಕೃಷ್ಣರಾಜಪುರ
5 ಜುಲೈ 1998

ಬಸಣ್ಣನಿಗೆ,

ಆದೇಶ ಬಂದಿದೆ. ಇನ್ನು ಮುಂದೆ ತಡೆಹಲಗೆಯಿಲ್ಲದ ಒಂದು ಯಂತ್ರವೂ ಆ ಗೇಟು ದಾಟುವಂತಿಲ್ಲ. ನನ್ನ ತಪ್ಪೇನೂ ಇರಲಿಲ್ಲ ಎಂದು ಬರೆದಿದ್ದಾರೆ, ಪರಿಹಾರವನ್ನೂ ಬರೆದಿದ್ದಾರೆ. ಮಾರಿಹೋದ ಯಂತ್ರಗಳ ವಿಷಯಕ್ಕೆ ಮಾತ್ರ ಸಾಹುಕಾರರು ಕೋರ್ಟಿನಿಂದ ತಡೆ ತಂದಿದ್ದಾರೆ. ಅದು ಮುಗಿಯಲು ವರ್ಷಗಳು ಬೇಕು ಎಂದು ಲಕ್ಷ್ಮಿಕಾಂತ ಅವರೇ ಹೇಳಿದರು. ಸುಳ್ಳು ಸಹಿಗೆ ನಿನಗೂ ದಂಡವಿದೆ. ಕಟ್ಟು. ಅದರಲ್ಲಿ ನನ್ನ ಸಹಾಯ ಕೇಳಬೇಡ.

ಸಾಹುಕಾರರು ಏನು ಕೊಡಲು ಬಂದಿದ್ದರು, ನಾನು ಏನೆಂದೆ ಎಂಬುದನ್ನು ನನ್ನ ಬಾಯಿಂದ ಕೇಳಿದ ಪಾಷಾ ನಿನಗೆ ಫೋನಿನಲ್ಲಿ ಹೇಳಿದರಂತೆ. ಅದನ್ನು ಕೇಳಿ ಕಣ್ಣೀರು ಹಾಕಿದೆ ಎಂದು ಪತ್ರದಲ್ಲಿ ಬರೆದಿದ್ದೀ. ನಿನಗಾಗಿ ಮಾಡಿದೆ ಎಂದು ತಿಳಿಯಬೇಡ. ಆ ಮನುಷ್ಯ ಹೇಳಿದ ಸುಳ್ಳನ್ನು ಒಂದು ಸಲ ನಮ್ಮ ಮನೆಯವರು ಬರೆದುಕೊಟ್ಟಾಗಿದೆ. ಎರಡನೆಯ ಸಲ ಬೇಡ ಎನಿಸಿತು.

ಬೆಸುಗೆ ಯಂತ್ರವನ್ನು ಬಾಡಿಗೆಗೆ ಹಿಡಿದು ನೀನೇ ಊರೂರಿಗೆ ಹೋಗಿ, ಮಾರಿದ ಯಂತ್ರಗಳಿಗೆ ಹಲಗೆ ಹಾಕುತ್ತಿರುವುದನ್ನೂ ಓದಿದೆ. ದೋರನಹಳ್ಳಿ ಮುಗಿಯಿತು, ಸಗರ ಮುಗಿಯಿತು, ಗೋಗಿಯಲ್ಲಿ ಯಂತ್ರದ ಮಾಲೀಕ ಒಳಗೆ ಬಿಡಲಿಲ್ಲ ಎಂದು ಬರೆದಿದ್ದೀ. ಗೋಗಿಗೆ ಮತ್ತೆ ಹೋಗು. ಮಾಲೀಕನನ್ನು ಕೇಳಬೇಡ, ಸೂಡು ಹಾಕುವ ಹೆಂಗಸರನ್ನು ಕೇಳು. ನನ್ನ ಕೈಯ ಕಥೆ ಹೇಳಬೇಕಾದರೆ ಹೇಳು, ಯಾರು ಬಿಚ್ಚಿದರು ಎಂಬುದನ್ನು ಸೇರಿಸಿ ಹೇಳು.

ಪಂಚಮಿಗೆ ತಂಗಿಯನ್ನು ಊರಿಗೆ ಕರೆದೊಯ್ಯಲು ಬರುತ್ತೇನೆ, ಬರಲೇ ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀ. ಬೇಡ. ಜೋಕಾಲಿ ಕಟ್ಟಿ, ಉಂಡೆ ಮಾಡಿ, ಏನೂ ಆಗಿಲ್ಲ ಎಂಬಂತೆ ನಿನ್ನ ಎದುರು ಕೂರಲು ನನ್ನಿಂದ ಆಗುವುದಿಲ್ಲ.

ಬರುವ ವರ್ಷ ಕೇಳು. ಆಗಲೂ ಬೇಡ ಎನ್ನುತ್ತೇನೇನೋ. ಆದರೂ ಕೇಳು.

ನಿನ್ನ ತಂಗಿ
ಸಾಬಮ್ಮ